ಬಾಯಿಂದ ಮೋಡ ಬಿಡುವ ಯಂತ್ರವನ್ನು ಕುರಿತು ಮಾದನಹಿಪ್ಪರಗಾ ಸೀಮೆಯ ತರುಣರಿಗೆ ಒಂದು ಬಹಿರಂಗ ಪತ್ರ



ಆಳಂದ ತಾಲ್ಲೂಕಿನ ಈ ಗಡಿಸೀಮೆಯಲ್ಲಿ, ಮಾದನಹಿಪ್ಪರಗಾದಲ್ಲಿಯೂ ಅದರ ಸುತ್ತಣ ಹಳ್ಳಿಗಳಲ್ಲಿಯೂ ಹುಟ್ಟಿ ಬೆಳೆದು, ಕೆಲವರು ವಿದ್ಯೆಗೆಂದೂ ಕೆಲವರು ದುಡಿಮೆಗೆಂದೂ ಸೊಲ್ಲಾಪುರ, ಪುಣೆ, ಹೈದರಾಬಾದು, ಬೆಂಗಳೂರುಗಳ ದಾರಿ ಹಿಡಿದು, ಹಬ್ಬಕ್ಕೂ ಜಾತ್ರೆಗೂ ತೊಗರಿಯ ರಾಶಿಗೂ ಮರಳಿ ಬರುವ ನಿಮ್ಮನ್ನು ಉದ್ದೇಶಿಸಿ ಈ ಪತ್ರವನ್ನು ಬರೆಯುತ್ತಿದ್ದೇನೆ. ಒಬ್ಬೊಬ್ಬರನ್ನೇ ಕರೆದು ಹೇಳಿದರೆ ಅದು ಬರಿಯ ಬುದ್ಧಿವಾದವೆನಿಸುತ್ತದೆ. ಮನೆಯವರ ಮುಂದೆ ಹೇಳಿದರೆ ಕಲಹಕ್ಕೆ ಕಾರಣವಾಗುತ್ತದೆ. ಎಲ್ಲರ ಮುಂದೆ, ಯಾರ ಹೆಸರನ್ನೂ ಎತ್ತದೆ ಹೇಳಿದರೆ ಕೇಳುವವರಿಗೂ ಹೇಳುವವನಿಗೂ ಮರ್ಯಾದೆ ಉಳಿಯುತ್ತದೆಂಬ ಭಾವನೆಯಿಂದ ಇದನ್ನು ಬಹಿರಂಗ ಪತ್ರವಾಗಿಸಿದ್ದೇನೆ. ವಿಜ್ಞಾನವನ್ನು ಪಾಠ ಹೇಳಿ ನಿವೃತ್ತನಾದವನಾದುದರಿಂದ, ನೀವು ನನ್ನನ್ನು ಕೇಳುವ ಪ್ರಶ್ನೆಗಳೂ ಆ ಬಗೆಯವೇ ಆಗಿರುತ್ತವೆ. ಈಚೆಗೆ ಪದೇ ಪದೇ ಕಿವಿಗೆ ಬೀಳುತ್ತಿರುವ ಪ್ರಶ್ನೆ ಇದು: "ದೊಡ್ಡ ಹೊಗಿ ಬರಬೇಕ್ರಿ ಸರ್, ಅಪಾಯ ಆಗಬಾರದ್ರಿ, ಯಾವ ವೇಪ್ ತಗೋಬೇಕ್ರಿ?"

ಈ ಪ್ರಶ್ನೆಯನ್ನು ನಾನು ತಿರಸ್ಕರಿಸಲಾರೆ. ಅಪಾಯವಾಗಬಾರದೆಂಬ ಎಚ್ಚರ ಅದರೊಳಗೇ ಇದೆ. ಎಚ್ಚರವುಳ್ಳವನ ಪ್ರಶ್ನೆಗೆ ಛೀ ಥೂ ಎಂಬುದು ಉತ್ತರವಲ್ಲ. ಮೊಬೈಲಿನ ಪರದೆಯ ಮೇಲೆ ಯಾವನೋ ಯುವಕನು ತನ್ನ ತಲೆಯನ್ನೇ ಮರೆಮಾಡುವಷ್ಟು ಬಿಳಿಯ ಮೋಡವನ್ನು ಉಸುರಿ, ಅದರೊಳಗಿಂದ ಉಂಗುರಗಳನ್ನು ತೇಲಿಬಿಡುವುದನ್ನು ನಾನೂ ನೋಡಿದ್ದೇನೆ. ನೋಟಕ್ಕೆ ಅದು ಸೊಗಸಾಗಿದೆಯೆಂಬುದನ್ನು ಅಲ್ಲಗಳೆಯುವುದು ಪ್ರಾಮಾಣಿಕತನವಲ್ಲ. ಪರದೇಶಗಳಲ್ಲಿ ಇದನ್ನು ಕ್ಲೌಡ್ ಚೇಸಿಂಗ್ ಎಂದು ಕರೆದು, ಪಂದ್ಯಗಳನ್ನು ಏರ್ಪಡಿಸಿ, ಹೆಚ್ಚು ದೂರಕ್ಕೆ ಮೋಡ ಬಿಟ್ಟವನಿಗೆ ಬಹುಮಾನ ಕೊಟ್ಟದ್ದೂ ಉಂಟು. ಆದುದರಿಂದ ಆ ಮೋಡ ಯಾವುದರಿಂದ ಆಗುತ್ತದೆ, ಅದನ್ನು ದೊಡ್ಡದು ಮಾಡಲು ಏನೇನು ಮಾಡಬೇಕಾಗುತ್ತದೆ, ಹಾಗೆ ಮಾಡುವಾಗ ಅಪಾಯ ಎಲ್ಲೆಲ್ಲಿ ಅಡಗಿರುತ್ತದೆ ಎಂಬುದನ್ನು ಮೊದಲು ನೋಡಿ, ಯಂತ್ರದ ಆಯ್ಕೆಯ ಮಾತಿಗೆ ಅನಂತರ ಬರೋಣ.

ಮೊದಲನೆಯದಾಗಿ, ಅದು ಹೊಗೆಯಲ್ಲ. ಬೀಡಿಯಲ್ಲಿ ಎಲೆ ಉರಿಯುತ್ತದೆ. ಇಲ್ಲಿ ಉರಿಯುವುದೇನೂ ಇಲ್ಲ. ಒಂದು ಚಿಕ್ಕ ತೊಟ್ಟಿಯಲ್ಲಿ ಗ್ಲಿಸರಿನ್ ಮತ್ತು ಪ್ರೊಪಿಲೀನ್ ಗ್ಲೈಕಾಲ್ ಎಂಬ ಎರಡು ದ್ರವಗಳ ಮಿಶ್ರಣವಿರುತ್ತದೆ. ಅದಕ್ಕೆ ಸುವಾಸನೆಯೂ, ಬಹುಮಟ್ಟಿಗೆ ನಿಕೋಟಿನ್ನೂ ಬೆರೆತಿರುತ್ತವೆ. ಹತ್ತಿಯ ಬತ್ತಿಯೊಂದು ಈ ದ್ರವವನ್ನು ಹೀರಿ, ಕಾಯಿಲ್ ಎಂಬ ಸುರುಳಿ ತಂತಿಗೆ ಒಡ್ಡುತ್ತದೆ. ಬ್ಯಾಟರಿಯ ವಿದ್ಯುತ್ತಿನಿಂದ ತಂತಿ ಕಾಯುತ್ತದೆ. ದ್ರವ ಆವಿಯಾಗಿ, ತಂಪುಗಾಳಿಗೆ ಸಿಕ್ಕಿದೊಡನೆ ಅತಿಸೂಕ್ಷ್ಮ ಹನಿಗಳಾಗಿ ಮತ್ತೆ ಸಾಂದ್ರಗೊಳ್ಳುತ್ತದೆ. ಆ ಹನಿಗಳ ಸಮೂಹವೇ ನಿಮ್ಮ ಮೋಡ. ಮೋಡಕ್ಕೆ ದಟ್ಟತೆಯನ್ನು ಕೊಡುವುದು ಮುಖ್ಯವಾಗಿ ಗ್ಲಿಸರಿನ್. ಪ್ರೊಪಿಲೀನ್ ಗ್ಲೈಕಾಲ್ 188 ಡಿಗ್ರಿ ಸೆಲ್ಸಿಯಸ್ಸಿಗೆ ಕುದಿದರೆ ಗ್ಲಿಸರಿನ್ನಿಗೆ 290 ಡಿಗ್ರಿ ಬೇಕು. ದೊಡ್ಡ ಮೋಡ ಬೇಕೆನ್ನುವವನು ಗ್ಲಿಸರಿನ್ನಿನ ಪ್ರಮಾಣವನ್ನು ನೂರಕ್ಕೆ ಎಪ್ಪತ್ತು ಎಂಬತ್ತರವರೆಗೆ ಏರಿಸುತ್ತಾನೆ. ಅದನ್ನು ಕ್ಷಣಾರ್ಧದಲ್ಲಿ ಆವಿಯಾಗಿಸಲು ಹೆಚ್ಚು ಶಾಖ ಬೇಕಾಗುತ್ತದೆ. ಶಾಖಕ್ಕೆ ಹೆಚ್ಚು ವಿದ್ಯುತ್ತು ಬೇಕು. ಹೆಚ್ಚು ವಿದ್ಯುತ್ತು ಹರಿಯಬೇಕಾದರೆ ತಂತಿಯ ಪ್ರತಿರೋಧವನ್ನು ತಗ್ಗಿಸಬೇಕು. ಅಪಾಯದ ಮೊದಲ ಬಾಗಿಲು ತೆರೆಯುವುದು ಇಲ್ಲಿಯೇ, ಈ ಪ್ರತಿರೋಧದ ಬಳಿ.

ಹತ್ತನೆಯ ತರಗತಿಯಲ್ಲಿ ನೀವೆಲ್ಲರೂ ಬಾಯಿಪಾಠ ಮಾಡಿದ ಓಮ್‌ನ ನಿಯಮವನ್ನು ಒಮ್ಮೆ ನೆನಪಿಗೆ ತಂದುಕೊಳ್ಳಿರಿ: ವೋಲ್ಟೇಜನ್ನು ಪ್ರತಿರೋಧದಿಂದ ಭಾಗಿಸಿದರೆ ಪ್ರವಾಹ. ಇಂಥ ಯಂತ್ರಗಳಲ್ಲಿ ಸಾಮಾನ್ಯವಾಗಿ ಬಳಸುವುದು 18650 ಎಂಬ ಲಿಥಿಯಂ-ಅಯಾನ್ ಕೋಶ. 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ. ಪೂರ್ಣ ಚಾರ್ಜಾದಾಗ 4.2 ವೋಲ್ಟ್. ಸುರುಳಿಯ ಪ್ರತಿರೋಧ 1 ಓಮ್ ಇದ್ದರೆ ಹರಿಯುವುದು 4.2 ಆಂಪಿಯರ್. ಅದನ್ನೇ ಮೋಡದಾಸೆಯಿಂದ 0.15 ಓಮ್‌ಗೆ ಇಳಿಸಿದರೆ 28 ಆಂಪಿಯರ್, 0.1 ಓಮ್‌ಗೆ ಇಳಿಸಿದರೆ 42 ಆಂಪಿಯರ್. ವೋಲ್ಟೇಜು ಬಹಳ ಕಡಿಮೆಯೆಂಬುದು ನಿಜ. ಆದರೆ ಮನೆಯಲ್ಲಿ ನೀರು ಕಾಯಿಸುವ ಗೀಸರಿಗೆ ಕೂಡಿಸುವ ದಪ್ಪ ಸಾಕೆಟ್ಟಿನ ಮಿತಿ 16 ಆಂಪಿಯರ್ ಎಂಬುದನ್ನು ನೆನೆದರೆ, ಹೆಬ್ಬೆರಳಿನ ಗಾತ್ರದ ಕೋಶವೊಂದರಿಂದ ಎಷ್ಟನ್ನು ಹಿಂಡಿ ತೆಗೆಯಲಾಗುತ್ತಿದೆಯೆಂಬುದು ಅರಿವಿಗೆ ಬರುತ್ತದೆ. ಒಳ್ಳೆಯ ಕಾರ್ಖಾನೆಯ ಅತ್ಯುತ್ತಮ ಕೋಶಗಳೇ ನಿರಂತರವಾಗಿ ಕೊಡಬಲ್ಲುದು ಸುಮಾರು 20ರಿಂದ 30 ಆಂಪಿಯರ್. ಅದನ್ನು ಮೀರಿ ಎಳೆದರೆ ಕೋಶ ಒಳಗೊಳಗೇ ಕಾಯುತ್ತದೆ. ಒಂದು ಹಂತವನ್ನು ದಾಟಿದ ಮೇಲೆ ಆ ಕಾವೇ ಹೊಸ ರಾಸಾಯನಿಕ ಕ್ರಿಯೆಗಳನ್ನು ಹುಟ್ಟಿಸಿ, ಆ ಕ್ರಿಯೆಗಳು ಮತ್ತಷ್ಟು ಕಾವನ್ನು ಹುಟ್ಟಿಸಿ, ಯಾರ ಕೈಯಲ್ಲಿಯೂ ತಡೆಯಲಾಗದ ಸ್ಥಿತಿಗೆ ಬರುತ್ತದೆ. ಆಗ ಅದು ಜ್ವಾಲೆಯನ್ನು ಉಗುಳುತ್ತದೆ. ಅನಿಲ ಹೊರಹೋಗಲು ದಾರಿಯಿಲ್ಲದ ಲೋಹದ ಕೊಳವೆಯೊಳಗಿದ್ದರೆ ಸಿಡಿಯುತ್ತದೆ. ಅಮೆರಿಕದ ಫ್ಲಾರಿಡಾದಲ್ಲಿ 2018ರಲ್ಲಿಯೂ ಟೆಕ್ಸಸ್ಸಿನಲ್ಲಿ 2019ರಲ್ಲಿಯೂ ಒಬ್ಬೊಬ್ಬನು ಹೀಗೆ ಸಿಡಿದ ಯಂತ್ರದ ಲೋಹದ ಚೂರುಗಳಿಂದ ಪ್ರಾಣ ಕಳೆದುಕೊಂಡನು. ಎರಡನೆಯವನ ಕುತ್ತಿಗೆಯ ರಕ್ತನಾಳವನ್ನೇ ಅದು ಸೀಳಿತ್ತು.

ಮೋಡದ ಮೋಹಿಗಳಲ್ಲಿ ಮೆಕ್ಯಾನಿಕಲ್ ಮಾಡ್ ಎಂಬುದಕ್ಕೆ ಒಂದು ವಿಶೇಷ ಗೌರವವಿದೆ. ಅದು ಒಂದು ಲೋಹದ ಕೊಳವೆ, ಒಂದು ಗುಂಡಿ, ಒಂದು ಕೋಶ, ಮೇಲೊಂದು ಸುರುಳಿ, ಇಷ್ಟೇ. ನಡುವೆ ಯಾವ ವಿದ್ಯುನ್ಮಾನ ಕಾವಲೂ ಇಲ್ಲ. ಪ್ರವಾಹ ಮಿತಿ ಮೀರಿತೆಂದು ಹೇಳುವವರಿಲ್ಲ. ಕೋಶ ಬರಿದಾಯಿತೆಂದು ತಡೆಯುವವರಿಲ್ಲ. ಜೇಬಿನಲ್ಲಿ ಗುಂಡಿ ತಾನಾಗಿ ಒತ್ತಿಕೊಂಡರೆ ಬಿಡಿಸುವವರಿಲ್ಲ. ಇದನ್ನು ಕಟ್ಟಿ ಬಳಸುವ ಅನುಭವಿಗಳು ಪ್ರತಿಸಲವೂ ಓಮ್ ಅಳೆಯುವ ಉಪಕರಣವನ್ನು ಹಿಡಿದು, ಲೆಕ್ಕ ಹಾಕಿ, ಕೋಶದ ಮಿತಿಗಿಂತ ಎಷ್ಟೋ ಕೆಳಗೇ ನಿಲ್ಲುತ್ತಾರೆ. ವಿದ್ಯುನ್ಮಾನ ಚಿಪ್‌ನ ಕಾವಲುಳ್ಳ ಯಂತ್ರವಾದರೋ ಶಾರ್ಟ್ ಸರ್ಕ್ಯೂಟನ್ನೂ, ಅತಿಶಾಖವನ್ನೂ, ತಲೆಕೆಳಗಾಗಿ ಹಾಕಿದ ಕೋಶವನ್ನೂ ಗುರುತಿಸಿ ನಿಲ್ಲುತ್ತದೆ. ಸುಮಾರು ಹತ್ತು ಸೆಕೆಂಡು ಗುಂಡಿ ಒತ್ತಿ ಹಿಡಿದರೆ ತಾನೇ ಆರುತ್ತದೆ. ಈ ಎರಡರ ನಡುವೆ ಆಯ್ಕೆಯೆಂಬುದೇ ಇಲ್ಲವೆಂದು ನನ್ನ ಖಚಿತ ಅಭಿಪ್ರಾಯ: ಮೆಕ್ಯಾನಿಕಲ್ ಮಾಡನ್ನು ಕಲಿಯುವವನು ಮುಟ್ಟಲೇಬಾರದು, ಕಲಿತವನಿಗೂ ಅದರಿಂದ ಆಗಬೇಕಾದದ್ದೇನೂ ಇಲ್ಲ.

ಕೋಶದ ವಿಷಯದಲ್ಲಿ ಇನ್ನೂ ನಾಲ್ಕು ಮಾತು ಹೇಳಬೇಕು, ಏಕೆಂದರೆ ಇದು ವೇಪ್ ಎಂಬುದನ್ನು ಕಣ್ಣಿನಿಂದ ನೋಡದವರಿಗೂ ಸಲ್ಲುವ ಮಾತು. ಸಂತೆಯಲ್ಲಿ ಸಿಗುವ ಚಾರ್ಜಿಂಗ್ ಟಾರ್ಚುಗಳೊಳಗೂ ಹಳೆಯ ಲ್ಯಾಪ್‌ಟಾಪುಗಳೊಳಗೂ ಇದೇ 18650 ಇರುತ್ತದೆ. ಅದರ ಮೈಮೇಲಿನ ಬಣ್ಣದ ಪ್ಲಾಸ್ಟಿಕ್ ಪೊರೆ ಅಲಂಕಾರಕ್ಕಾಗಿ ಇಲ್ಲ. ಆ ಪೊರೆಯ ಕೆಳಗಿನ ಲೋಹದ ಮೈಯೆಲ್ಲವೂ ಋಣಧ್ರುವವೇ ಆಗಿದ್ದು, ಧನಧ್ರುವ ನೆತ್ತಿಯ ಮೇಲೆ ಕೂದಲೆಳೆಯ ದೂರದಲ್ಲಿರುತ್ತದೆ. ಪೊರೆ ಹರಿದ ಕೋಶವನ್ನು ಬೀಗದಕೈಯೋ ನಾಣ್ಯವೋ ಇರುವ ಜೇಬಿಗೆ ಹಾಕಿಕೊಂಡವನು ತೊಡೆಯ ಮೇಲೆ ಬೆಂಕಿಯನ್ನು ಇಟ್ಟುಕೊಂಡಂತೆಯೇ. ಲ್ಯಾಪ್‌ಟಾಪಿನಿಂದ ಕಿತ್ತ ಕೋಶ ಹೆಚ್ಚು ಹೊತ್ತು ಬಾಳುವಂತೆ ಮಾಡಿದ್ದು, ಹೆಚ್ಚು ಪ್ರವಾಹ ಕೊಡಲೆಂದು ಮಾಡಿದ್ದಲ್ಲ. ಇವೆರಡು ಗುಣಗಳು ಒಂದೇ ಕೋಶದಲ್ಲಿ ಪೂರ್ತಿಯಾಗಿ ಕೂಡಿಬರುವುದು ಕಷ್ಟ. 9900 ಮಿಲಿಆಂಪಿಯರ್-ಗಂಟೆ ಎಂದು ಮುದ್ರಿಸಿದ ಕೋಶಗಳು ಮಾರಾಟಕ್ಕಿವೆ. ಈ ಗಾತ್ರದ ಒಳ್ಳೆಯ ಕೋಶಗಳು ಸುಮಾರು 3500ರ ಆಸುಪಾಸಿನವು. ಅಷ್ಟು ದೊಡ್ಡ ಸುಳ್ಳನ್ನು ಮೈಮೇಲೆ ಬರೆದುಕೊಂಡ ವಸ್ತುವಿನ ಆಂಪಿಯರ್ ಲೆಕ್ಕವನ್ನು ನಂಬುವುದೆಂತು? ಎರಡು ಕೋಶ ಬೇಡುವ ಯಂತ್ರಕ್ಕೆ ಒಂದೇ ತಯಾರಿಕೆಯ, ಒಂದೇ ದಿನ ಕೊಂಡ, ಯಾವಾಗಲೂ ಜೊತೆಯಾಗಿಯೇ ಚಾರ್ಜ್ ಮಾಡಿದ ಜೋಡಿಯನ್ನೇ ಹಾಕತಕ್ಕದ್ದು. ಉಬ್ಬಿದ, ತಗ್ಗುಬಿದ್ದ, ನೀರಿಗೆ ಬಿದ್ದ ಕೋಶವನ್ನು ಮತ್ತೆ ಚಾರ್ಜಿಗೆ ಇಡತಕ್ಕದ್ದಲ್ಲ.

ಇನ್ನು ದ್ರವದ ಮಾತು. ಮಾರುವವನು ಮೊದಲು ಹೇಳುವ ಸಮಾಧಾನವೆಂದರೆ, ಗ್ಲಿಸರಿನ್ ಕೆಮ್ಮಿನ ಔಷಧದಲ್ಲೂ ಇದೆ, ಸುವಾಸನೆಗಳು ಐಸ್‌ಕ್ರೀಮಿನಲ್ಲೂ ಇವೆ, ಆದುದರಿಂದ ಭಯವಿಲ್ಲ ಎಂಬುದು. ಹೊಟ್ಟೆಗೆ ಯೋಗ್ಯವಾದದ್ದೆಲ್ಲ ಶ್ವಾಸಕೋಶಕ್ಕೆ ಯೋಗ್ಯವಲ್ಲವೆಂಬುದಕ್ಕೆ ಎರಡು ದೃಷ್ಟಾಂತಗಳು ಸಾಕು. ಬೆಣ್ಣೆಯ ಪರಿಮಳ ಕೊಡುವ ಡೈಅಸಿಟೈಲ್ ತಿಂದರೆ ನಿರಪಾಯ. ಆದರೆ ಅಮೆರಿಕದ ಮಿಸ್ಸೌರಿಯಲ್ಲಿ ಮೆಕ್ಕೆಜೋಳದ ಅರಳಿನ ಕಾರ್ಖಾನೆಯೊಂದರಲ್ಲಿ ಅದರ ಆವಿಯನ್ನು ದಿನವೂ ಉಸಿರಾಡಿದ ಕಾರ್ಮಿಕರ ಶ್ವಾಸನಾಳದ ಕಿರುಕವಲುಗಳು ಗಾಯಗೊಂಡು ಮುಚ್ಚಿಹೋಗಿದ್ದುದು 2000ದಲ್ಲಿ ಬೆಳಕಿಗೆ ಬಂದಿತು. ಇ ಜೀವಸತ್ವದ ಅಸಿಟೇಟನ್ನು ನುಂಗಬಹುದು, ಚರ್ಮಕ್ಕೆ ಹಚ್ಚಬಹುದು. ಅದನ್ನು ಕಳ್ಳಸಂತೆಯ ಗಾಂಜಾಸತ್ವದ ವೇಪ್ ದ್ರವಕ್ಕೆ ಮಂದವಾಗಿರಲೆಂದು ಬೆರೆಸಿದ್ದರ ಫಲವಾಗಿ 2019ರಲ್ಲಿ ಅಮೆರಿಕದಲ್ಲಿ ಹಬ್ಬಿದ ಶ್ವಾಸಕೋಶದ ಬೇನೆಯಲ್ಲಿ, 2020ರ ಫೆಬ್ರವರಿಯವರೆಗಿನ ಅಧಿಕೃತ ಲೆಕ್ಕದ ಪ್ರಕಾರ, 2807 ಮಂದಿ ಆಸ್ಪತ್ರೆ ಸೇರಿದರು ಅಥವಾ ಅಸುನೀಗಿದರು. ಸತ್ತವರು 68 ಜನ. ಇದರಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಆ ದೇಶದಲ್ಲಿ ಅಂಗಡಿಯ ಮಾಲಿಗಿಂತ ಅಡಗುಮಾಲೇ ಕೊಂದದ್ದು.

ಮೋಡ ದೊಡ್ಡದಾದಷ್ಟೂ ಈ ದ್ರವದ ಕೇಡು ಹೆಚ್ಚುತ್ತದೆ. ಶಾಖ ಮೀರಿದಾಗ, ವಿಶೇಷವಾಗಿ ಹತ್ತಿ ಒಣಗಿ ಸುರುಳಿ ಕೆಂಪಾದಾಗ, ಗ್ಲಿಸರಿನ್ ಒಡೆದು ಅಕ್ರೋಲಿನ್, ಫಾರ್ಮಾಲ್ಡಿಹೈಡ್ ಎಂಬ ಕಟುವಾದ ವಿಷಗಳಾಗುತ್ತದೆ. ಕಾದ ತಂತಿಯಿಂದ ನಿಕ್ಕಲ್, ಕ್ರೋಮಿಯಂಗಳ ಕಣಗಳೂ ಹನಿಯೊಡನೆ ಒಳಸೇರುತ್ತವೆ. ನಿಕೋಟಿನ್ ಕಡಿಮೆಯಿದೆಯೆಂಬ ಸಮಾಧಾನವನ್ನೂ ಲೆಕ್ಕಕ್ಕೆ ಒಡ್ಡಿ ನೋಡಿರಿ. ಮಿಲಿಲೀಟರಿಗೆ 20 ಮಿಲಿಗ್ರಾಂ ಇರುವ ಚಿಕ್ಕ ಯಂತ್ರದಲ್ಲಿ ದಿನಕ್ಕೆ 2 ಮಿಲಿಲೀಟರ್ ಖರ್ಚಾದರೆ 40 ಮಿಲಿಗ್ರಾಂ ಆವಿಯಾಯಿತು. ಬರಿಯ 3 ಮಿಲಿಗ್ರಾಂ ಇರುವ ದ್ರವವನ್ನು ಮೋಡದ ಯಂತ್ರದಲ್ಲಿ ದಿನಕ್ಕೆ 10 ಮಿಲಿಲೀಟರ್ ಸುರಿದರೆ 30 ಮಿಲಿಗ್ರಾಂ ಆಯಿತು. ಹೆಸರಿಗೆ ಹಗುರ, ಮೊತ್ತದಲ್ಲಿ ಹತ್ತಿರ ಹತ್ತಿರ ಅಷ್ಟೇ. ಚಿಕ್ಕ ಯಂತ್ರಕ್ಕೆಂದು ಮಾಡಿದ 50 ಮಿಲಿಗ್ರಾಂನ ದ್ರವವನ್ನು ಅರಿಯದೆ ದೊಡ್ಡ ಯಂತ್ರಕ್ಕೆ ಸುರಿದುಕೊಂಡವನ ಪಾಡು ತಲೆಸುತ್ತು, ವಾಂತಿ, ಎದೆಬಡಿತಗಳಲ್ಲಿ ಮುಗಿದರೆ ಅವನ ಪುಣ್ಯ.

ಹೀಗೆ ಪ್ರಶ್ನೆಯ ಅರ್ಧಕ್ಕೆ ಉತ್ತರವಾಯಿತು. ಸುರಕ್ಷಿತವಾದ ಯಂತ್ರವೆಂದರೆ ಕಾವಲಿನ ಚಿಪ್ ಉಳ್ಳದ್ದು, ಅನಿಲ ಹೊರಹೋಗಲು ರಂಧ್ರವುಳ್ಳದ್ದು, ಯು.ಎಲ್. 8139ರಂಥ ವಿದ್ಯುತ್ ಸುರಕ್ಷತೆಯ ಪರೀಕ್ಷೆಯನ್ನು ದಾಟಿದ್ದು, ಹೆಸರಾಂತ ಕಾರ್ಖಾನೆಯ ಸಾಚಾ ಕೋಶವನ್ನು ಬಳಸುವಂಥದು, ಪ್ರತಿರೋಧವನ್ನು ತೀರ ತಗ್ಗಿಸದೆ ನಡೆಸುವಂಥದು, ದ್ರವದಲ್ಲಿ ಏನೇನಿದೆಯೆಂದು ಶೀಶೆಯ ಮೇಲೆ ಪ್ರಾಮಾಣಿಕವಾಗಿ ಬರೆದದ್ದು. ಇಷ್ಟಾದರೂ ಅದು ಶ್ವಾಸಕೋಶಕ್ಕೆ ಹಿತವಾಗದು. ಕೈಯಲ್ಲಿ ಸಿಡಿಯುವ ಭಯ ಮಾತ್ರ ತಗ್ಗುತ್ತದೆ. ಈಗ ಉಳಿದರ್ಧ: ಅಂಥದನ್ನು ನೀವು ಎಲ್ಲಿ ಕೊಳ್ಳುವಿರಿ?

ನಮ್ಮ ರಾಜ್ಯವು ಇ-ಸಿಗರೇಟನ್ನು, ಅಂದರೆ ಇದೇ ವೇಪನ್ನು, 2016ರಲ್ಲಿಯೇ ನಿಷೇಧಿಸಿತು. 2019ರ ಸೆಪ್ಟೆಂಬರ್ 18ರಂದು ಕೇಂದ್ರದ ಸುಗ್ರೀವಾಜ್ಞೆ ಬಂದು, ಆ ವರ್ಷದ ಡಿಸೆಂಬರಿನಲ್ಲಿ ಅದು ಕಾಯಿದೆಯಾಯಿತು. ತಯಾರಿಕೆ, ಆಮದು, ರಫ್ತು, ಸಾಗಣೆ, ಮಾರಾಟ, ವಿತರಣೆ, ಸಂಗ್ರಹ, ಜಾಹೀರಾತು ಇವೆಲ್ಲವೂ ಅದರ ಬಲೆಯೊಳಗಿವೆ. ಮೊದಲ ಸಲ ಮಾರಿದವನಿಗೆ ಒಂದು ವರ್ಷದವರೆಗೆ ಸೆರೆ ಅಥವಾ ಒಂದು ಲಕ್ಷ ರೂಪಾಯಿಯವರೆಗೆ ದಂಡ ಅಥವಾ ಎರಡೂ. ಮತ್ತೆ ಮಾಡಿದರೆ ಮೂರು ವರ್ಷದವರೆಗೆ ಸೆರೆ ಮತ್ತು ಐದು ಲಕ್ಷದವರೆಗೆ ದಂಡ. ಸಂಗ್ರಹಿಸಿಟ್ಟುಕೊಂಡವನಿಗೆ ಆರು ತಿಂಗಳವರೆಗೆ ಸೆರೆ ಅಥವಾ ಐವತ್ತು ಸಾವಿರದವರೆಗೆ ದಂಡ ಅಥವಾ ಎರಡೂ. ಸೇದುವುದೆಂಬ ಕ್ರಿಯೆ ಈ ಪಟ್ಟಿಯಲ್ಲಿ ಇಲ್ಲವೆಂದು ನಿಮ್ಮಲ್ಲಿ ಕಾನೂನು ಓದುವ ಚುರುಕು ಹುಡುಗನೊಬ್ಬನು ತಕ್ಷಣ ಹೇಳಿಯಾನು, ಹೇಳಲಿ. ಆದರೆ ಗೆಳೆಯರಿಗೆಂದು ಪುಣೆಯಿಂದ ನಾಲ್ಕು ಯಂತ್ರಗಳನ್ನು ಚೀಲದಲ್ಲಿ ಹಾಕಿಕೊಂಡು ಅಕ್ಕಲಕೋಟೆಯ ದಾರಿಯಾಗಿ ಊರಿಗೆ ಬರುವವನು ಸೇದುವವನಾಗಿ ಉಳಿಯುವುದಿಲ್ಲ, ಸಾಗಿಸುವವನಾಗುತ್ತಾನೆ. ಹಣ ಪಡೆದು ಕೊಟ್ಟರೆ ಮಾರುವವನೂ ಆಗುತ್ತಾನೆ.

ನಿಷೇಧ ಸರಿಯೇ ತಪ್ಪೇ ಎಂಬ ಚರ್ಚೆ ಬೇರೆ. ಬೀಡಿ ಸಿಗರೇಟುಗಳನ್ನು ಗೂಡಂಗಡಿಗಳಲ್ಲಿ ತೂಗುಹಾಕಿ ಮಾರಲು ಬಿಟ್ಟು ಇದೊಂದನ್ನೇ ನಿಷೇಧಿಸುವುದು ವಿಚಿತ್ರವೆಂದು ವಾದಿಸುವವರಿದ್ದಾರೆ. ಆ ವಾದದಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಆದರೆ ನಿಮ್ಮ ಪ್ರಶ್ನೆಗೆ ಸಂಬಂಧಿಸಿದ ಸತ್ಯ ಇಷ್ಟು: ನಿಷಿದ್ಧವಾದ ವಸ್ತುವಿಗೆ ಮಾನಕವಿಲ್ಲ, ರಸೀತಿಯಿಲ್ಲ, ಗ್ಯಾರಂಟಿಯಿಲ್ಲ, ಕೈ ಸುಟ್ಟುಕೊಂಡರೆ ಗ್ರಾಹಕ ನ್ಯಾಯಾಲಯದ ಬಾಗಿಲೂ ಇಲ್ಲ. ಮೇಲೆ ನಾನು ಹೇಳಿದ ಒಂದೊಂದು ಪರೀಕ್ಷೆಯನ್ನೂ ಮಾರುವವನ ಮುಂದಿಟ್ಟು ನೋಡಿರಿ. ಕೋಶ ಯಾವ ಕಾರ್ಖಾನೆಯದು? ದ್ರವವನ್ನು ಯಾರು ಬೆರೆಸಿದರು? ಯಾವ ಪ್ರಯೋಗಾಲಯ ನೋಡಿತು? ಗುಟ್ಟಾಗಿ ಕೈಬದಲಿಸುವ ಪೊಟ್ಟಣದ ಮೇಲೆ ಏನು ಮುದ್ರಿಸಿದ್ದರೂ ಅದಕ್ಕೆ ಜವಾಬು ಹೇಳುವವರಾರೂ ಈ ದೇಶದಲ್ಲಿ ಇಲ್ಲ. ಉಪಕರಣವನ್ನು ಆರಿಸುವ ವಿದ್ಯೆ ಎಷ್ಟೇ ಚೆನ್ನಾಗಿ ಬಂದರೂ, ಆರಿಸಲು ಬೇಕಾದ ಮಾಹಿತಿಯೇ ಇಲ್ಲದ ಕಡೆ ಆ ವಿದ್ಯೆ ನಿರುಪಯೋಗಿ.

ಪರೀಕ್ಷಿಸದ ವಸ್ತುವನ್ನು ನಂಬಬಾರದೆಂಬ ಈ ಮಾತಿಗೆ ನಮ್ಮ ನೆರೆಯಲ್ಲಿಯೇ ಒಂದು ಹಳೆಯ ಪ್ರಸಂಗವಿದೆ. ನೀವು ಪಠ್ಯದಲ್ಲಿ ಓದಿರಲಾರಿರಿ. ಅಕ್ಬರನ ರಾಯಭಾರಿಯಾಗಿ ಬಿಜಾಪುರದ ಎರಡನೆಯ ಇಬ್ರಾಹಿಂ ಆದಿಲಶಾಹನ ಆಸ್ಥಾನಕ್ಕೆ ಬಂದಿದ್ದ ಅಸದ್ ಬೇಗನು, ಅಲ್ಲಿಯವರೆಗೆ ಹಿಂದುಸ್ತಾನದಲ್ಲಿ ತಾನು ಕಂಡಿರದ ತಂಬಾಕು ಎಂಬ ವಸ್ತುವನ್ನು ಬಿಜಾಪುರದಲ್ಲಿ ಕಂಡು, ಸುಮಾರು 1604ರಲ್ಲಿ ರತ್ನಖಚಿತವಾದ ಕೊಳವೆಯೊಂದನ್ನು ಸಿದ್ಧಪಡಿಸಿ, ಆ ತಂಬಾಕನ್ನು ಉತ್ತರಕ್ಕೆ ಒಯ್ದು ಬಾದಶಹನಿಗೆ ಕಾಣಿಕೆ ಕೊಟ್ಟನು. ಅಂದರೆ ಮೊಗಲರ ಆಸ್ಥಾನಕ್ಕೆ ಈ ಚಟದ ದಾರಿ ಹೋದದ್ದು ನಮ್ಮ ಭೀಮಾತೀರದ ನೆರೆಯ ರಾಜಧಾನಿಯಿಂದ! ಅಕ್ಬರನು ಕುತೂಹಲದಿಂದ ಎರಡು ದಮ್ಮು ಎಳೆದನು, ಆಸ್ಥಾನವೈದ್ಯನು ತಡೆದನು. ಯೂರೋಪಿನ ಜಾಣರು ಬಳಸುತ್ತಾರಲ್ಲವೇ ಎಂದು ಅಸದ್ ಬೇಗನು ವಾದಿಸಿದಾಗ, ನಮ್ಮ ಪಂಡಿತರು ಪರೀಕ್ಷಿಸಿ ನೋಡದ ವಸ್ತುವನ್ನು ಪರದೇಶದವರು ಬಳಸಿದರೆಂಬ ಮಾತ್ರಕ್ಕೆ ನಾವು ಬಳಸತಕ್ಕದ್ದಲ್ಲ ಎಂಬರ್ಥದ ಉತ್ತರವನ್ನು ಆ ವೈದ್ಯನು ಕೊಟ್ಟನೆಂದು ಅಸದ್ ಬೇಗನೇ ಬರೆದಿಟ್ಟಿದ್ದಾನೆ. ಬಾದಶಹನು ಚಟಕ್ಕೆ ಬೀಳಲಿಲ್ಲ, ಸರದಾರರು ಬಿದ್ದರು, ವರ್ತಕರು ಮಾರತೊಡಗಿದರು. 1617ರಲ್ಲಿ ಜಹಾಂಗೀರನು ನಿಷೇಧ ಹೊರಡಿಸುವಷ್ಟರಲ್ಲಿ ಕೈಮೀರಿತ್ತು. ಮುಂದೆ ಬೀದರಿನ ಕುಶಲಿಗಳು ಗುಡಗುಡಿಯ ಬುಡಕ್ಕೆ ಬೆಳ್ಳಿಯ ಹೂಬಳ್ಳಿ ಕೂರಿಸಿ ಮಾಡಿದ ಬಿದರಿ ಪಾತ್ರೆಗಳು ಇಂದು ಲೋಕದ ಮ್ಯೂಸಿಯಮ್ಮುಗಳಲ್ಲಿವೆ. ಕೆತ್ತನೆಯ ಸೊಬಗಿಗೆ ಕೈಮುಗಿಯೋಣ. ಆದರೆ ಗುಡಗುಡಿಯ ನೀರಿನಲ್ಲಿ ಹಾಯ್ದ ಹೊಗೆ ಶುದ್ಧವಾಗುತ್ತದೆಂದು ಆಗ ನಂಬಿಸಿದವರ ವಂಶಜರೇ, ಉರಿಯಿಲ್ಲದ ಆವಿ ಶುದ್ಧವೆಂದು ಈಗ ನಂಬಿಸುತ್ತಿರುವರು.

ನಿಮ್ಮಲ್ಲಿ ಕೆಲವರು ನಾಳೆ ಪರದೇಶಕ್ಕೂ ಹೋಗುವಿರಿ. ಬ್ರಿಟನ್ನಿನಲ್ಲಿ ಸಿಗರೇಟನ್ನು ಬಿಡಲಾರದ ವಯಸ್ಕರು ಅದರ ಬದಲಿಗೆ ವೇಪ್ ಹಿಡಿಯುವುದನ್ನು ವೈದ್ಯಸೇವೆಯೇ ಒಪ್ಪುತ್ತದೆ. ಆದರೆ ಅಲ್ಲಿಯೂ ನಿಕೋಟಿನ್ ಮಿಲಿಲೀಟರಿಗೆ 20 ಮಿಲಿಗ್ರಾಂ ಮೀರಬಾರದು, ತೊಟ್ಟಿ 2 ಮಿಲಿಲೀಟರ್ ಮೀರಬಾರದು, ಬಳಸಿ ಬಿಸಾಡುವ ವೇಪುಗಳ ಮಾರಾಟ 2025ರ ಜೂನ್ 1ರಿಂದ ನಿಂತಿದೆ. ಎಂದೂ ಸೇದದವನು ಹಿಡಿಯಲಿ ಎಂದು ಅಲ್ಲಿಯೂ ಯಾರೂ ಹೇಳುವುದಿಲ್ಲ. ಸಿಂಗಪುರದಲ್ಲಾದರೋ ಬಳಸುವುದೂ ಇಟ್ಟುಕೊಳ್ಳುವುದೂ ಅಪರಾಧ. ಥಾಯ್ಲೆಂಡಿಗೆ ಕೊಂಡೊಯ್ಯುವುದೂ ನಿಷಿದ್ಧ. ವಿಮಾನ ಹತ್ತುವ ಮುನ್ನ ಇದನ್ನು ತಿಳಿದಿರುವುದು ಕ್ಷೇಮ.

ಆದುದರಿಂದ, ತಮ್ಮಂದಿರೇ, ಯಾವುದನ್ನು ಕೊಳ್ಳಬೇಕೆಂಬ ನಿಮ್ಮ ಪ್ರಶ್ನೆಗೆ ನನ್ನ ಉತ್ತರ: ಈ ದೇಶದಲ್ಲಿ, ಇಂದಿನ ಸ್ಥಿತಿಯಲ್ಲಿ, ಯಾವುದನ್ನೂ ಅಲ್ಲ. ಈಗಾಗಲೇ ಕೊಂಡವರು ಯಂತ್ರವನ್ನು ಹೊಲದ ಬದುವಿಗೋ ತಿಪ್ಪೆಗೋ ಎಸೆಯಬೇಡಿರಿ. ತಿಪ್ಪೆಗೆ ಬೆಂಕಿ ಹಚ್ಚುವ ರೂಢಿ ನಮ್ಮಲ್ಲಿದೆ, ಕೋಶ ಅಲ್ಲಿ ಸಿಡಿದರೆ ಗಾಯವಾಗುವುದು ಬೇರೆಯವರಿಗೆ. ಕೋಶವನ್ನು ಬಿಡಿಸಿ, ಎರಡೂ ತುದಿಗಳಿಗೆ ಇನ್ಸುಲೇಶನ್ ಟೇಪು ಸುತ್ತಿ, ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು, ನಗರಕ್ಕೆ ಹೋದಾಗ ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿರಿ. ಉಳಿದ ದ್ರವದ ಶೀಶೆಯನ್ನು ಮಕ್ಕಳ ಕೈಗೆ ಸಿಗದಂತೆ ಇಡಿರಿ, ಏಕೆಂದರೆ ಹಣ್ಣಿನ ವಾಸನೆಯ ಆ ದ್ರವದ ಕೆಲವು ಗುಟುಕು ಕೂಸಿನ ಪ್ರಾಣಕ್ಕೆ ಸಂಚಕಾರ. ಬಿಡಬೇಕೆಂದರೂ ಬಿಡಲಾಗುತ್ತಿಲ್ಲವೆನ್ನುವವರು ಸಂಕೋಚಪಡದೆ ರಾಷ್ಟ್ರೀಯ ತಂಬಾಕು ವ್ಯಸನಮುಕ್ತಿ ಸಹಾಯವಾಣಿಗೆ ಕರೆ ಮಾಡಿರಿ. ಸಂಖ್ಯೆ 1800-11-2356, ಕರೆಗೆ ಹಣವಿಲ್ಲ.

ಇತಿ ನಿಮ್ಮ ಹಿತೈಷಿ,
ಮಾದನಹಿಪ್ಪರಗಾದ ಒಬ್ಬ ನಿವೃತ್ತ ವಿಜ್ಞಾನ ಶಿಕ್ಷಕ